ಪೇದೆಗೆ ನಾನು ಹೇಳಿದ ಮಾತು

ಗ್ರೇಸ್, ನಿಮ್ಮ ಪಾಸ್‌ಪೋರ್ಟ್ ತಪ್ಪಿಸಿದವಳು ನಾನು. ವಿಚಾರಣೆಗೆ ಬಂದ ಪೊಲೀಸ್ ಪೇದೆಯನ್ನು ಜಗಲಿಯಲ್ಲಿ ಕೂರಿಸಿ, ಟೀ ಕೊಟ್ಟು, ನಿಮ್ಮ ಮೇಲೆ ಇಲ್ಲದ್ದನ್ನು ಹೇಳಿದೆ. ಇಷ್ಟು ವರ್ಷ ಬೇಲಿಯ ಈಚೆ ನಿಂತು ನಿಮ್ಮ ಮುಖ ನೋಡಿ ನಕ್ಕಿದ್ದೇನೆ — ಹೇಗೆ ನಕ್ಕೆನೋ.

ನೀವೂ ಸ್ಟೀವನ್ನರೂ ನಮ್ಮೂರು ದೋಣಿಗಲ್ಲಿಗೆ ಬಂದು ಪಕ್ಕದ ಮನೆ ಹಿಡಿದಾಗ, ನೀವು ನರ್ಸು, ಅವರು ಬಡಗಿ ಕೆಲಸ ಕಲಿಸುವ ಮೇಷ್ಟ್ರು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಆಫ್ರಿಕಾದ ಒಂದು ಹಳ್ಳಿಗೆ, ಒಂದು ವರ್ಷದ ಸೇವೆಗೆ, ನಿಮ್ಮ ಚರ್ಚಿನ ಸಭೆಯವರು ಕಳಿಸುತ್ತಾರೆ ಎಂದಿರಿ. ಒಳ್ಳೆಯದು ಎಂದೆ. ಹೋಗುವವರು ಸುಮ್ಮನೆ ಹೋಗದೆ ನಮ್ಮ ಕಾಫಿ ತೋಟದ ಆಳುಗಳಿರುವ ಲೈನ್ ಮನೆಗಳಿಗೆ ಯಾಕೆ ಬರುತ್ತಾರೆ ಎಂದು ಮಾತ್ರ ಒಳಗೇ ಕೊರೆಯತೊಡಗಿತು.

ಅದರ ಹಿಂದಿನ ಕೊಯ್ಲಿನಲ್ಲಿ ಒಬ್ಬ ಹೀಗೇ ಲೈನಿನಲ್ಲಿ ಕೂತು, ಮಕ್ಕಳಿಗೆ ಮಿಠಾಯಿ ಹಂಚಿ, ನಮ್ಮ ಆಳುಗಳನ್ನೆಲ್ಲ ಬೇರೆ ಎಸ್ಟೇಟಿನ ಲಾರಿ ಹತ್ತಿಸಿಕೊಂಡು ಹೋಗಿದ್ದ. ಕಾಫಿ ಹಣ್ಣು ಗಿಡದಲ್ಲೇ ಒಣಗಿತು. ಅಂದಿನಿಂದ, ಇನ್ನೊಬ್ಬರ ಲೈನಿನಲ್ಲಿ ಕೂತು ಉಣ್ಣುವವರೆಲ್ಲ ಆಳು ಒಡೆಯಲು ಬಂದವರೇ — ತೋಟದವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ.

ಸಂಜೆಯಾದರೆ ನೀವು ಆಳು ರತ್ನಳ ಮನೆಯಲ್ಲಿ. ಸ್ವಂತ ಮನೆಯಲ್ಲಿ ಗ್ಯಾಸ್ ಇಟ್ಟುಕೊಂಡು ಅವಳ ಒಲೆಯ ಮುಂದೆ ಕಣ್ಣು ಕೆಂಪು ಮಾಡಿಕೊಂಡು ಕೂರುವುದೇನು, ಹಳ್ಳದಿಂದ ತಲೆಯ ಮೇಲೆ ನೀರು ಹೊರುವುದೇನು! ಸ್ಟೀವನ್ ಗಂಡಾಳುಗಳ ಜೊತೆ ನಗುನಗುತ್ತ ಗುದ್ದಲಿಗೆ ಮರದ ಕಾವು ಹಾಕುತ್ತಿದ್ದರು. ಒಂದು ದಿನ ಬ್ಯಾಗು ತೂಗಬೇಕೆಂದು ನಮ್ಮ ಕಾಫಿ ತಕ್ಕಡಿ ಕೇಳಿದಿರಿ. ಕೊಟ್ಟು, ಕಿಟಕಿಯಲ್ಲಿ ನಿಂತು ನೋಡಿದೆ. ತುಂಬುವುದು, ತೂಗುವುದು, ಮತ್ತೆ ತೆಗೆಯುವುದು — ಸೇವೆಗೆ ಹೋಗುವವರಿಗೆ ಇದೆಲ್ಲ ಯಾಕೆ? ವಿಮಾನದ ತೂಕದ ಕಟ್ಟುಪಾಡು ನನಗೆಲ್ಲಿ ಗೊತ್ತಿತ್ತು.

"ಪಕ್ಕದ್ಮನೆಯವ್ರು ಹೆಂಗಮ್ಮ?" ಎಂದು ಪೇದೆ ಕೇಳಿದ.

"ನೋಡಕ್ಕೆ ಒಳ್ಳೇವ್ರಂಗವ್ರೆ ಕಣಪ್ಪ. ಆದ್ರೆ ಬಡವ್ರನ್ನ ಪುಸಲಾಯಿಸಿ ಹೊರದೇಶಕ್ಕೆ ಸಾಗಿಸೋರು ಅಂತ ನಂಗೆ ಅನುಮಾನ ಐತೆ. ನಮ್ ಲೈನಲ್ಲೇ ಬೀಡು ಬುಟ್ಟವ್ರೆ" ಎಂದೆ.

ಅನುಮಾನ ಅಂದೆನಲ್ಲ, ನೋಡಿದೆ ಅನ್ನಲಿಲ್ಲವಲ್ಲ — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ವಾರ ರತ್ನಳನ್ನು ಗದರಿಸಿ ಕೇಳಿದೆ, ಪಕ್ಕದ ಮನೆಯವರು ಆಳುಗಳನ್ನೆಲ್ಲ ಎಲ್ಲಿಗೆ ಕರೆದೊಯ್ಯುತ್ತಾರಂತೆ ಎಂದು. ಅವಳು ನಕ್ಕುಬಿಟ್ಟಳು. "ನಮ್ಮನ್ನೆಲ್ಲಿಗ್ ಕರ್ಕಂಡೋಯ್ತಾರವ್ವ? ಆ ದೇಶ್ದಲ್ಲಿ ಗ್ಯಾಸ್ ಇಲ್ವಂತೆ, ನಲ್ಲಿ ಇಲ್ವಂತೆ. ಸೌದೆ ಒಲೆ ಹಚ್ಚೋದ್ ಕಲ್ಸು ಅಂತ ಬತ್ತಾರೆ."

ಆಗಲೇ ಠಾಣೆಗೆ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಸಕಲೇಶಪುರದ ಬಸ್ಸು ಮನೆ ಮುಂದೆಯೇ ಹೋಗುತ್ತಿತ್ತು. ನಾನು ಹತ್ತಲಿಲ್ಲ. ಬಾಯಿಬಡುಕಿ ಅನ್ನಿಸಿಕೊಳ್ಳುವ ನಾಚಿಕೆ, ಅಷ್ಟೇ. ಆಮೇಲೆ ಅನುಮಾನ ಬೇರೆ ದಾರಿ ಹಿಡಿಯಿತು — ಗ್ರೇಸ್‌ಗೆ ತಿಳಿದಿದೆಯೇ? ಇವತ್ತು ಯಾಕೆ ಕಡಿಮೆ ಮಾತಾಡಿದಳು? ನೀವು ಕಳಿಸಿದ ಕೇಕನ್ನೂ ತಿರುಗಿಸಿ ತಿರುಗಿಸಿ ನೋಡಿದವಳು ನಾನು.

ಪಾಸ್‌ಪೋರ್ಟ್ ಬರಲಿಲ್ಲ. ಸಭೆಯವರು ಕಾದು ಕಾದು ಬೇರೆ ದಂಪತಿಯನ್ನು ಕಳಿಸಿದರು. ನೀವು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಿರಿ. "ನಮ್ಮಲ್ಲೇ ಏನೋ ಕೊರತೆ ಕಂಡಿರ್ಬೇಕು ಅಕ್ಕ. ದೇವ್ರೇ ಬೇಡ ಅಂದ್ಬುಟ್ರು."

"ಇರ್ಬೋದು ಕಣವ್ವ" ಎಂದೆ.

ಪೇದೆಗೆ ಹೇಳಿದ್ದು ತಿಳಿಯದೆ ಹೇಳಿದ್ದು. ಇದು ತಿಳಿದೇ ಹೇಳಿದ್ದು, ಗ್ರೇಸ್. ನೀವು ಇವತ್ತಿಗೂ ಉಪವಾಸವಿದ್ದು, ನಮ್ಮಲ್ಲಿ ಏನು ಕೊರತೆ ಎಂದು ದೇವರನ್ನು ಕೇಳುತ್ತೀರೆಂದು ರತ್ನ ಹೇಳಿದಳು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಈ ಭಾನುವಾರ ನಿಮ್ಮ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ. ಸ್ಟೀವನ್ನರ ಎದುರು, ನಿಮ್ಮ ಸಭೆಯವರೆಲ್ಲರ ಎದುರು ಹೇಳುತ್ತೇನೆ — ನಿಮ್ಮನ್ನು ಬೇಡ ಎಂದದ್ದು ದೇವರಲ್ಲ, ಪಕ್ಕದ ಮನೆಯವಳು.