ಎರಡೂ ಕಡೆ ಹೊಡೆದ ಗಂಟೆ

ಕವಲೇದುರ್ಗದ ಕೆಳಗಿನ ಆ ಊರಿಗೆ ಫೋನ್ ತಂತಿ ಎಳೆದ ಲೈನ್‌ಮನ್ ನಾನೇ, ಗುತ್ಯಪ್ಪ. ಊರಿಗೆಲ್ಲ ಇದ್ದದ್ದು ಒಂದೇ ಫೋನ್, ಶೇಷಮ್ಮನವರ ಗಂಡ ಹೂವಯ್ಯನವರ ಹೆಸರಿನಲ್ಲಿ. ಎಂಬತ್ತಮೂರನೇ ಇಸವಿಯಲ್ಲಿ ಅವರು ತೀರಿಕೊಂಡರು. ವರ್ಷ ತುಂಬುವ ಮೊದಲೇ ಮೈದುನ ಮುಕುಂದಯ್ಯ ಹಿಸ್ಸೆ ಕೇಳಿದ. ಪಂಚರು ಕೂತು ಗದ್ದೆ, ಕೊಟ್ಟಿಗೆ, ಬಚ್ಚಲ ಹಂಡೆ, ಹಿತ್ತಲಿನ ಹಲಸಿನ ಮರದವರೆಗೆ ಎಲ್ಲವನ್ನೂ ಹಂಚಿದರು. ಮನೆಯ ನಡುವೆ ಗೋಡೆ ಎದ್ದಿತು. ಫೋನನ್ನು ಮಾತ್ರ ಯಾರೂ ಪಟ್ಟಿಗೆ ಸೇರಿಸಲಿಲ್ಲ. ಅದಿದ್ದ ಜಗಲಿ ಮುಕುಂದಯ್ಯನ ಪಾಲಿಗೆ ಹೋಯಿತು.

ಶೇಷಮ್ಮನವರ ಮಗಳು ಸರೋಜ ಸಾಗರದ ಹಾಸ್ಟೆಲಿನಿಂದ ಭಾನುವಾರ ಫೋನ್ ಮಾಡುತ್ತಿದ್ದಳು. "ನಿಮ್ಮಮ್ಮ ಮನೇಲಿಲ್ಲ" ಎಂದು ಮುಕುಂದಯ್ಯ ಇಟ್ಟುಬಿಡುತ್ತಿದ್ದ. ಗೋಡೆಯಾಚೆ ಶೇಷಮ್ಮ ಅದನ್ನು ಕೇಳಿಸಿಕೊಳ್ಳುತ್ತಲೇ ಹಿಟ್ಟು ರುಬ್ಬುತ್ತಿದ್ದರು. ನಿಜ ಏನೆಂದು ಕಾಗದ ಬರೆದರೆ, "ಚಿಕ್ಕಯ್ಯ ಯಾಕೆ ಸುಳ್ಳು ಹೇಳ್ತಾರೆ? ನಿನಗೇ ನನ್ನ ಹತ್ರ ಮಾತಾಡಲು ಮನಸ್ಸಿಲ್ಲ" ಎಂದು ಮಗಳ ಉತ್ತರ ಬಂತು.

ಆ ಕಾಗದ ಓದಿದ ಮರುದಿನವೇ ಶೇಷಮ್ಮ ಗಂಡನ ಮರಣ ಪ್ರಮಾಣಪತ್ರ ಹಿಡಿದು ತೀರ್ಥಹಳ್ಳಿಯ ಬಸ್ಸು ಹತ್ತಿದರು. ಅಲ್ಲಿನ ಟೆಲಿಫೋನ್ ಆಫೀಸಿಗೆ ಓಡಾಡಿ ಓಡಾಡಿ ಫೋನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು, ತಮ್ಮ ಪಾಲಿಗೂ ಒಂದು ಫೋನ್ ಹಾಕಿಸಿಕೊಂಡರು. ತಪ್ಪು ಮಾಡಿದವನು ನಾನು. ಗಂಟೆ ಯಾವ ಕಡೆ ಹೊಡೆಯಬೇಕೆಂದು ತಿರುಗಿಸುವ ಸ್ವಿಚ್ಚನ್ನು ಜಗಲಿಯಲ್ಲೇ ಕೂರಿಸಿದೆ. ಗಂಡಸಿರುವ ಕಡೆ ಇರಲಿ ಎನ್ನುವ ಬುದ್ಧಿ, ನಾಚಿಕೆಯಾಗುತ್ತದೆ. ಮುಕುಂದಯ್ಯ ಒಂದು ದಿನವೂ ಅದನ್ನು ಶೇಷಮ್ಮನವರ ಕಡೆ ತಿರುಗಿಸಲಿಲ್ಲ; ಅವರ ಫೋನ್ ಸತ್ತೇ ಬಿದ್ದಿತ್ತು.

ಒಂದು ಭಾನುವಾರ ಶೇಷಮ್ಮ ನನಗೆ ಹೇಳಿಕಳಿಸಿದರು. ಹೋದೆ.

"ಆ ಸ್ವಿಚ್ಚು ಕಿತ್ತಾಕು ಗುತ್ಯಪ್ಪ."

"ನಿಮ್ ಕಡೆ ಹಾಕ್ಲಾ ಅಮ್ಮಾ?"

"ಯಾರ್ ಕಡೇನೂ ಬ್ಯಾಡ. ಎರಡೂ ಒಂದೇ ತಂತೀಲಿರ್ಲಿ. ಹೊಡ್ಕೊಂಡ್ರೆ ಎರಡ್ ಕಡೇನೂ ಹೊಡ್ಕಳ್ಳಿ."

ಮುಕುಂದಯ್ಯ ಹಾರಾಡಿದ. "ಹಂಗಾದ್ರೆ ನಮ್ ಮಾತೆಲ್ಲ ನಿಮಗೆ ಕೇಳ್ಸುತ್ತಲ್ಲ ಅತ್ತಿಗಮ್ಮ!"

"ಕೇಳ್ಸ್ಲಿ. ನಂದೂ ನಿಂಗೆ ಕೇಳ್ಸುತ್ತೆ. ಫೋನ್ ನನ್ ಹೆಸರಲ್ಲಿದೆ, ಬ್ಯಾಡ ಅಂದ್ರೆ ನಿನ್ನದನ್ನ ಬಿಚ್ಚಿಸ್ತೀನಿ."

ನಾನು ಸ್ವಿಚ್ಚು ಕಿತ್ತು, ಎರಡೂ ಫೋನಿನ ತಂತಿಗಳನ್ನು ಒಂದೇ ಲೈನಿಗೆ ಹೆಣೆದೆ. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಶೇಷಮ್ಮ ಕೊಟ್ಟ ಕಾಫಿ ಕುಡಿಯುತ್ತಿದ್ದಾಗ ಗಂಟೆ ಹೊಡೆಯಿತು, ಗೋಡೆಯ ಎರಡೂ ಕಡೆ. ಶೇಷಮ್ಮ ಸೆರಗಿಗೆ ಕೈ ಒರೆಸಿಕೊಂಡು ರಿಸೀವರ್ ಎತ್ತಿದರು. ಅಷ್ಟರಲ್ಲಿ ಮುಕುಂದಯ್ಯನೂ ಎತ್ತಿದ್ದ. ರೂಢಿಯಾದ ನಾಲಿಗೆ, ಗೋಡೆಯಾಚೆಯಿಂದ ನನಗೂ ಕೇಳಿಸಿತು: "ನಿಮ್ಮಮ್ಮ ಮನೇಲಿಲ್ಲ ಕಣೆ."

"ಇಲ್ಲೇ ಇದೀನಿ ಸರೋಜ," ಎಂದರು ಶೇಷಮ್ಮ. "ಅವತ್ತೂ ಇಲ್ಲೇ ಇದ್ದೆ. ನಿನ್ ಚಿಕ್ಕಯ್ಯನೂ ಕೇಳ್ತಿದಾನೆ, ಹೇಳು ಮಗಾ."