ಮೈಕ್ ಬೇಡ ಎಂದವರು

ನನ್ನ ಅಪ್ಪನನ್ನು ಬೈಯುವವರು ಇದ್ದರು, ಹೊಗಳುವವರೂ ಇದ್ದರು. ಬೈದವರನ್ನು ನಾನು ಯಾವತ್ತೋ ಮರೆತಿದ್ದೇನೆ. ಹೊಗಳಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅಪ್ಪ ಯಕ್ಷಗಾನದ ಭಾಗವತ. ವೇಷದವರು ಕುಣಿಯುವುದು, ಮಾತಾಡುವುದು ಎಲ್ಲ ಅವನು ಹಾಡುವ ಪದ್ಯದ ಮೇಲೆ. ಡೇರೆ ಕಟ್ಟಿ ಟಿಕೆಟಿಗೆ ಆಟ ಆಡುವ ಮೇಳವೊಂದರಲ್ಲಿ ನಾನು ಹುಟ್ಟುವ ಮೊದಲಿನಿಂದ ಇದ್ದ. ದೀಪಾವಳಿ ಕಳೆದು ಹೊರಟರೆ ಮಳೆ ಹಿಡಿಯುವ ಹೊತ್ತಿಗೆ ಹೊಳನಗದ್ದೆಯ ಮನೆಗೆ ಬರುತ್ತಿದ್ದ. ಮಳೆಗಾಲದಲ್ಲಿ ಅವನು ಮನೆಯಲ್ಲಿ ನೆಂಟನ ಹಾಗೆ ಇರುತ್ತಿದ್ದ. ಚೌತಿ ಕಳೆದ ಮೇಲೆ ಮೇಳದ ಯಜಮಾನರಿಂದ ವೀಳ್ಯ ಬರಬೇಕು. ಒಂದು ಕವಳೆ ಎಲೆ, ಅಡಿಕೆ, ಮೇಲೊಂದಿಷ್ಟು ಮುಂಗಡ. ವೀಳ್ಯ ಬಂತೆಂದರೆ ಬರುವ ತಿರುಗಾಟಕ್ಕೆ ಅವನೇ ಭಾಗವತ. ಕಾಗದ, ಕರಾರು ಏನೂ ಇಲ್ಲ. ಬಾರದಿದ್ದರೆ ಯಾಕೆ ಎಂದು ಕೇಳಲಿಕ್ಕೂ ಹೋಗುವಂತಿಲ್ಲ.

ನಾನು ಆಗ, ಎಂಬತ್ತರ ಆಚೀಚೆ, ಕರ್ಕಿಯ ಶಾಲೆಯಲ್ಲಿ ಅಕ್ಕೋರು. ಕುಮಟೆಯಿಂದ ಹೊನ್ನಾವರದ ಬಸ್ಸು ಹತ್ತಬೇಕು. ಬಸ್ಸಿನಲ್ಲಿ ದಿನಾ ಒಂದೇ ಪಂಚಾಯ್ತಿ. ಮೇಳಕ್ಕೆ ಅಪ್ಪನ ಕೈಕೆಳಗೆ ಹಾಡಲಿಕ್ಕೆ ಭಟ್ಕಳ ಕಡೆಯ ಹುಡುಗನೊಬ್ಬ ಬಂದಿದ್ದ. ತೆಳುವಾದ ಸ್ವರ, ರಾಗದಲ್ಲಿ ಹೊಸ ತಿರುವು. ಭಟ್ಕಳದ ಬಂದರಿನಲ್ಲಿ ಹೊಸ ಬೋಟು ಏರಿದ ಹುಡುಗರೆಲ್ಲ ಅವನ ಹಿಂದೆ. ಕರ್ಕಿ, ಹೊನ್ನಾವರದ ಹಳಬರೆಲ್ಲ ಅಪ್ಪನ ಹಿಂದೆ. ಕುಮಟೆಯವರು ಎರಡೂ ಕಡೆಗೆ ಹಂಚಿಹೋಗಿದ್ದರು.

"ಅಜ್ಜನ ಸ್ವರ ಹೋತು ಮಾರಾಯ. ಮನೇಲಿ ಕೂತು ಗಂಜಿ ಉಂಬೂದು ಬಿಟ್ಟು ಎಂತಕ್ಕೆ ಬೇಕು ಈ ಭಾಗವತಿಕೆ?"

"ನಿನ್ನ ಹುಡುಗ ಹಾಡೂದು ಪದ್ಯ ಅಲ್ಲ, ಸಿನೆಮಾ. ಹೋಗಿ ಕಿವಿ ತೊಳ್ಕಂಡು ಬಾ."

ನಾನು ಮುಂದಿನ ಸೀಟಿನಲ್ಲಿ ಛತ್ರಿ ಹಿಡಿದು ಕೂತಿದ್ದೇನೆಂದು ಯಾರಿಗಾದರೂ ಗೊತ್ತಾದರೆ ಸ್ವರ ತಗ್ಗಿಸಿ ಜಗಳ ಮುಂದುವರಿಸುತ್ತಿದ್ದರು. ಅಷ್ಟು ಮರ್ಯಾದೆ ಸಿಗುತ್ತಿತ್ತು. ಇಬ್ಬರಿಗೂ ತಿರುಗಿ ಎರಡು ಬಿಡಬೇಕು ಅನಿಸುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬಡವಾಗುತ್ತಿದ್ದ ಕೂಸು ಅರವತ್ತು ದಾಟಿದ ಮುದುಕ.

ಯಾಕೆಂದರೆ ಬೈಯುವವರು ಹೇಳುತ್ತಿದ್ದುದು ನಿಜವಾಗಿತ್ತು. ಅಪ್ಪನ ಗಂಟಲಲ್ಲಿ ಗಂಟು ಎದ್ದಿತ್ತು. ಕುಮಟೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏರಿಸಿ ಹಾಡಿದರೆ ಇರುವ ಸ್ವರವೂ ಹೋಗುತ್ತದೆ ಎಂದಿದ್ದರು. ಅಪ್ಪ ಮನೆಗೆ ಬಂದು ನನ್ನ ಬಾಯಿಯನ್ನೂ ಆಯಿಯ, ಅಂದರೆ ನನ್ನಮ್ಮನ, ಬಾಯಿಯನ್ನೂ ಕಟ್ಟಿಹಾಕಿದ. "ಯಾರಿಗೂ ಹೇಳೂದಲ್ಲ. ಗಂಟಲು ಕೆಟ್ಟ ಭಾಗವತಂಗೆ ವೀಳ್ಯ ಯಾರು ಕೊಡ್ತಾರೆ?" ಆಯಿ ಜ್ಯೇಷ್ಠಮಧು ಕುದಿಸಿದಳು, ಕಾಳುಮೆಣಸಿನ ಕಷಾಯ ಮಾಡಿದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಆಮೇಲೆ ಅವನು ಎರಡು ತಿರುಗಾಟ ಹೇಗೆ ಹಾಡಿದ ಎನ್ನುವುದು ಗೊತ್ತಿದ್ದದ್ದು ನಮಗೆ ಮತ್ತು ಮೇಳದ ಮೈಕ್ ಸೆಟ್ಟಿನವನಿಗೆ. ಆತ ಭಟ್ಕಳದ ನವಾಯತ ಮುಸ್ಲಿಮ, ನಮಗೆಲ್ಲ ಸಾಹೇಬ. ಮನೆಯಲ್ಲಿ ನವಾಯತಿ ಮಾತು, ನಮ್ಮ ಹತ್ತಿರ ಕನ್ನಡ. ಅಪ್ಪನ ಮೈಕನ್ನು ತುಟಿಯ ಹತ್ತಿರಕ್ಕೆ ತಂದು ಕಟ್ಟುವುದು, ಪದ್ಯ ಏರುವಲ್ಲಿ ವಾಲ್ಯೂಮ್ ತಿರುಗಿಸುವುದು, ಕೆಮ್ಮು ಬರುವಲ್ಲಿ ಇಳಿಸುವುದು ಅವನ ಕೆಲಸ. ಅಪ್ಪ ಗಂಟಲಲ್ಲೇ ಮೆಲ್ಲಗೆ ಹಾಡಿದ್ದು ಡೇರೆಯ ಹಿಂದಿನ ಸಾಲಿಗೆ ಗುಂಯ್ಯನೆ ಮುಟ್ಟುತ್ತಿತ್ತು. ಅಪ್ಪ ಕೇಳಿಕೊಂಡದ್ದಲ್ಲ, ಅವನಾಗಿಯೇ ಮಾಡಿದ್ದು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ.

ಅಪ್ಪನ ಅಭಿಮಾನಿಗಳಿಗೆಲ್ಲ ಮುಖಂಡರೆಂದರೆ ಹೊನ್ನಾವರ ಬಂದರಿನ ಒಣಮೀನಿನ ಸಾವ್ಕಾರ್ರು. ದೊಡ್ಡ ಮನಸ್ಸಿನ ಮನುಷ್ಯ, ಅದಕ್ಕಿಂತ ದೊಡ್ಡ ಬಾಯಿ. ಮೈಕು ಬರುವ ಮೊದಲಿನ ಕಾಲದಲ್ಲಿ ಅಪ್ಪ ಕರ್ಕಿಯ ಬಯಲಲ್ಲಿ ಎತ್ತಿದ ಪದ್ಯ ಹೊನ್ನಾವರದಲ್ಲಿ ಇವರ ಜಗಲಿಗೆ ಕೇಳಿತ್ತಂತೆ. ಆ ಕಥೆ ಹೇಳುವಾಗೆಲ್ಲ ಜಗಲಿ ಇನ್ನಷ್ಟು ದೂರ ಹೋಗುತ್ತಿತ್ತು.

ಆ ವರ್ಷ ಯಜಮಾನರು ಹುಡುಗನಿಗೇ ಮುಖ್ಯ ಭಾಗವತಿಕೆ ಕೊಡುತ್ತಾರೆ ಎಂದು ಸುದ್ದಿ ಹಬ್ಬಿತು. ಸಾವ್ಕಾರ್ರಿಗೆ ಅನ್ನ ಸೇರದೆ ಹೋಯಿತು. ಶ್ರಾವಣದಲ್ಲಿ ಬೋಟುಗಳೆಲ್ಲ ದಡದಲ್ಲಿ, ಜನಕ್ಕೆ ಕೆಲಸವಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹೊನ್ನಾವರದ ಶಾಲೆಯ ಸಭಾಗೃಹದಲ್ಲಿ ತಾಳಮದ್ದಳೆ ಇಟ್ಟರು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಪದ್ಯ ಮತ್ತು ಮಾತು. ಒಂದು ಪದ್ಯ ಅಪ್ಪ, ಒಂದು ಪದ್ಯ ಹುಡುಗ. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು. ಭಟ್ಕಳದವರು ಒಪ್ಪಿದರು. ಸಾವ್ಕಾರ್ರು ಮೇಲಿಂದ ಒಂದು ಶರತ್ತು ಹಾಕಿದರು. ಮೈಕ್ ಇಡುವಂತಿಲ್ಲ.

ಅವರ ಲೆಕ್ಕ ಸರಿಯಾಗಿಯೇ ಇತ್ತು. ಹುಡುಗ ಮೈಕಿನ ಕಾಲದವನು. ಅಪ್ಪ ಬಯಲಿನಲ್ಲಿ ಹಾಡಿ ಬೆಳೆದವನು. ಮೈಕ್ ತೆಗೆದರೆ ಯಾರು ಗಂಡು ಎಂದು ಗೊತ್ತಾಗುತ್ತದೆ. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದರೆ ಇದೇ. ಇಲ್ಲಿ ಪ್ರೀತಿಯಿಂದ ತೆಗೆದರು, ಅಷ್ಟೇ ವ್ಯತ್ಯಾಸ.

ಅಪ್ಪ ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ. ನಮ್ಮ ಜಗಲಿಯಲ್ಲಿ ಸಾವ್ಕಾರ್ರ ಎದುರು ಕೂತು, "ಅಡ್ಡಿಲ್ಲ" ಅಂದ. ಅವರು ಹೋದ ಮೇಲೆ ನಾನು ಕೂಗಾಡಿದೆ.

"ಮೈಕ್ ಇರಲಿ ಅಂತ ಒಂದು ಮಾತು ಹೇಳೂಕೆ ಎಂತ ಆಗಿತ್ತು ನಿಂಗೆ?"

"ಹೇಳಿದ್ರೆ ಎಂತಕ್ಕೆ ಅಂತ ಕೇಳ್ತಾರಲೆ, ಮಗಾ."

ಮರುದಿನ ಶಾಲೆ ಬಿಟ್ಟ ಮೇಲೆ ನಾನೇ ಬಂದರಿಗೆ ಹೋದೆ. ಒಣಮೀನಿನ ಗೋಣಿಗಳ ನಡುವೆ ನಿಂತು, ಸಭಾಗೃಹ ದೊಡ್ಡದು, ಹೆಂಗಸರಿಗೆ ಹಿಂದೆ ಕೇಳುವುದಿಲ್ಲ, ಮೈಕ್ ಇರಲಿ ಎಂದೆ. ಸಾವ್ಕಾರ್ರು ಬಾಯಿತುಂಬ ನಕ್ಕರು. "ಅಕ್ಕೋರೇ, ನಿಮ್ಮಪ್ಪ ಎಂಥವ್ರು ಅಂತ ನಿಮ್ಗೆ ಗೊತ್ತಿಲ್ಲ. ನೀವು ಸುಮ್ನೆ ಬಂದು ಕೂತ್ಕಳಿ." ನನಗೆ ಅಳು ಬಂತು. ನಿಜ ಹೇಳಿದರೆ ವೀಳ್ಯ ತಪ್ಪುತ್ತದೆ, ಹೇಳದಿದ್ದರೂ ತಪ್ಪುತ್ತದೆ. ಅವರು ನನಗೆ ಚಾ ತರಿಸಿದರು, ನಾನು ಕುಡಿದು ಬಂದೆ.

ಭಾನುವಾರ ಸಭಾಗೃಹದಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಭಟ್ಕಳದವರು ಟೆಂಪೊ ಮಾಡಿಕೊಂಡು ಬಂದಿದ್ದರು. ಬಾಗಿಲ ಹತ್ತಿರ ಗದ್ದಲ ಕೇಳಿ ತಿರುಗಿದರೆ ಮೈಕ್ ಸೆಟ್ಟಿನ ಸಾಹೇಬ. ಯಾರೂ ಕರೆಯದೆ ಪೆಟ್ಟಿಗೆ, ವೈರು ಎಲ್ಲ ಹೊತ್ತು ತಂದಿದ್ದ. "ದುಡ್ಡು ಬೇಡ ನಂಗೆ. ಇರ್ಲಿ, ಒಂದು ಬದಿಗೆ ಇಡ್ತೇನೆ," ಎನ್ನುತ್ತಿದ್ದ. ಸಾವ್ಕಾರ್ರ ಕಡೆಯವರು ಅವನನ್ನು ನೂಕಿ ಹೊರಗೆ ಕಳಿಸಿದರು. ಭಟ್ಕಳದವರೇ ಕಳಿಸಿದ್ದಾರೆ, ಮೋಸಕ್ಕೆ ಬಂದಿದ್ದಾನೆ ಎಂದು ಯಾರೋ ಕೂಗಿದರು. ಅವನು ನನ್ನ ಕಡೆ ನೋಡಿದ. ನಾನು ಎಂತ ಮಾಡಲಿ?

ಅಪ್ಪ ಮೊದಲ ಪದ್ಯ ಎತ್ತಿದ. ಮುಂದಿನ ನಾಲ್ಕು ಸಾಲಿನಲ್ಲಿ ಕೂತವರಿಗೆ ಕೇಳಿತು. ಹಿಂದಿನವರು ಮಾತು ನಿಲ್ಲಿಸಿ ಕುತ್ತಿಗೆ ಚಾಚಿದರು. ಹೊರಗೆ ಮಳೆ ನಿಂತಿತ್ತು. ಸುರಿಯುತ್ತಿದ್ದರೆ ತಪ್ಪನ್ನು ಮಳೆಯ ಮೇಲಾದರೂ ಹಾಕಬಹುದಿತ್ತು. ಹುಡುಗ ತನ್ನ ಪದ್ಯವನ್ನು ಸಲೀಸಾಗಿ ಹಾಡಿದ, ಸ್ವರ ಮಾಡಿನ ಹಂಚಿಗೆ ಹೋಗಿ ಬಡಿಯಿತು. ಎರಡನೆಯ ಸಲ ಅಪ್ಪ ಏರಿಸಲಿಕ್ಕೆ ಹೋದ. ಯುದ್ಧದ ಪದ್ಯ, ಚಂಡೆ ಬಿದ್ದಿದೆ, ತಗ್ಗಿಸುವಂತಿಲ್ಲ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು, ಬಾಯಿ ತೆರೆದದ್ದು ಕಂಡಿತು. ಸ್ವರ ಬರಲಿಲ್ಲ. ತೆರೆದ ಬಾಯಿಯಿಂದ ಗಾಳಿ ಮಾತ್ರ ಬಂತು. ಮದ್ದಳೆಯವರು ಬಿಡದೆ ನುಡಿಸಿದರು. ಅಪ್ಪ ತಾಳ ಹಾಕುತ್ತಲೇ ಇದ್ದ.

ಹುಡುಗ ನಗಲಿಲ್ಲ. ಅಪ್ಪನ ಪದ್ಯವನ್ನೇ ಎತ್ತಿಕೊಂಡು ಪೂರೈಸಿ, ಕೂತಲ್ಲಿಂದಲೇ ಅವನ ಕಾಲು ಮುಟ್ಟಿದ. ಭಟ್ಕಳದ ಹುಡುಗರು ಸಿಳ್ಳೆ ಹಾಕಿದರು. ಆ ಹುಡುಗನನ್ನು ದ್ವೇಷಿಸುವ ಸುಖವೂ ನಮಗೆ ಸಿಗಲಿಲ್ಲ.

ಆದರೂ ಎಲ್ಲ ಮುಗಿದಿರಲಿಲ್ಲ. ಸಾಹೇಬ ಯಜಮಾನರ ಮನೆಗೆ ಹೋಗಿ ಗಂಟಲಿನ ವಿಷಯ, ಮೈಕಿನ ವಿಷಯ ಎಲ್ಲ ಬಿಚ್ಚಿ ಹೇಳಿದನಂತೆ. ಯಜಮಾನರು ಕೆಟ್ಟವರಲ್ಲ. ಮುಖ್ಯ ಭಾಗವತಿಕೆ ಹುಡುಗನಿಗೆ, ಮೊದಲಿನ ಎರಡು ತಾಸು ಮೈಕಿಟ್ಟುಕೊಂಡು ಹಳಬರು ಹಾಡಲಿ, ಚೌತಿ ಕಳೆದ ಮೇಲೆ ವೀಳ್ಯ ಕಳಿಸುತ್ತೇನೆ ಎಂದು ಹೇಳಿಕಳಿಸಿದರು. ಆಯಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪನಿಗೆ ತಾಳಮದ್ದಳೆಯ ದಿನದಿಂದ ಪಿಸುಮಾತು ಬಿಟ್ಟು ಬೇರೆ ಸ್ವರವೇ ಇರಲಿಲ್ಲ. ಆದರೂ ತಿಂಗಳೊಪ್ಪತ್ತು ಸುಮ್ಮನಿದ್ದರೆ ಎರಡು ತಾಸಿನಷ್ಟು ಬಂದೀತು ಎಂದು ಕೈಸನ್ನೆ ಮಾಡಿ ಹೇಳಿದ. ನಾವು ನಂಬಿದೆವು.

ಅಷ್ಟರಲ್ಲಿ ಬಸ್ಸಿನಲ್ಲಿ ಹೊಸ ಮಾತು ಹುಟ್ಟಿತ್ತು. ಭಾಗವತರಿಗೆ ಸ್ವರ ಇಲ್ಲದೆ ಅಲ್ಲ, ಬೇಕಂತಲೇ ಹಾಡಲಿಲ್ಲ. ಮೊಮ್ಮಗನ ಪ್ರಾಯದ ಹುಡುಗನ ಜೊತೆ ಪಂದ್ಯಕ್ಕೆ ಕೂರಿಸಿದರಲ್ಲ ಎಂಬ ಸಿಟ್ಟಿಗೆ ಯಜಮಾನರ ಮುಖದೆದುರೇ ಬಾಯಿ ತೆರೆದು ಸುಮ್ಮನೆ ಕೂತರು. ಕರ್ಕಿಯ ನನ್ನ ಶಾಲೆಯ ಮಕ್ಕಳ ತಂದೆಯರೂ ನನ್ನನ್ನು ನಿಲ್ಲಿಸಿ, "ಒಳ್ಳೇ ಬುದ್ಧಿ ಕಲಿಸಿದ್ರು ನಿಮ್ಮಪ್ಪ," ಎಂದರು. ಅಂಗಡಿಯ ಕಟ್ಟೆಯ ಮೇಲೆ ಸಾವ್ಕಾರ್ರೇ ಶುರುಮಾಡಿದ ಕಥೆ. ಪಾಪ, ಅವರಿಗೂ ಬದುಕಲಿಕ್ಕೆ ಏನಾದರೊಂದು ಬೇಕಿತ್ತಲ್ಲ.

ಒಂದು ಸಂಜೆ ಐದಾರು ಜನರನ್ನು ಕಟ್ಟಿಕೊಂಡು ಮನೆಗೇ ಬಂದರು. ಬಾಳೆಹಣ್ಣಿನ ಗೊನೆ ತಂದಿದ್ದರು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಸಾವ್ಕಾರ್ರು ಅವನ ಎದುರು ನೆಲದ ಮೇಲೆ ಕೂತರು. ಆ ಭಾರದ ಮನುಷ್ಯ ನೆಲದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಭಾಗವತ್ರೇ, ನೀವು ಬಾಯಿಬಿಟ್ಟು ಹೇಳೂದು ಬ್ಯಾಡ. ಬೇಕಂತಲೇ ಹಾಡಲಿಲ್ಲ, ಅಲ್ದಾ?"

ಅವರ ಕಣ್ಣು ತುಂಬಿತ್ತು. ಹೌದು ಅನ್ನಲಿ ಎಂದು ಬೇಡುವವರ ಹಾಗೆ ಅಪ್ಪನ ಮುಖ ನೋಡುತ್ತಿದ್ದರು. ನಾನು ಒಳಗಿನಿಂದ ಬಂದು, "ಇಲ್ಲ, ಅಪ್ಪನ ಗಂಟಲು ಕೆಟ್ಟಿದೆ, ಡಾಕ್ಟರು..." ಎನ್ನುವಷ್ಟರಲ್ಲಿ ಅಪ್ಪ ಕೈ ಎತ್ತಿ ನನ್ನನ್ನು ತಡೆದ. ಸಾವ್ಕಾರ್ರ ಕಡೆ ತಿರುಗಿ ಹೌದೆಂದು ತಲೆಯಾಡಿಸಿದ.

ಸಾವ್ಕಾರ್ರು ಸಂತೋಷದಿಂದ ತೊಡೆ ತಟ್ಟಿದರು. ಆಯಿ ಒಳಗೆ ಒಲೆಯ ಮುಂದೆ ಕುಸಿದು ಕೂತಳು. ವೀಳ್ಯ ತಪ್ಪಿತೆಂದು ಅವಳಿಗೆ ಆಗಲೇ ತಿಳಿದಿತ್ತು. ನಾನು ಅವರೆಲ್ಲ ಹೋದ ಮೇಲೆ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ಪಿಸುಗುಟ್ಟಿದ. "ಇಷ್ಟು ವರ್ಷ ನನ್ನ ಕೇಳಿದವ್ರು. ಈಗ ಆ ಸ್ವರ ಇನ್ನಿಲ್ಲ ಅಂತ ಹ್ಯಾಂಗೆ ಹೇಳೂದು?" ನನ್ನ ಸಿಟ್ಟಿಗೆ ಉತ್ತರವೇ ಅಲ್ಲ ಅದು. ಆಯಿಯ ಬಗ್ಗೆ, ಮನೆಯ ಬಗ್ಗೆ, ತನ್ನ ಬಗ್ಗೆಯೇ ಅವನಿಗೆ ಯೋಚನೆ ಬರಲಿಲ್ಲವೆ?

ಅಪ್ಪ ತಲೆಯಾಡಿಸಿದ ಸುದ್ದಿ ವಾರದೊಳಗೆ ಹೊನ್ನಾವರ, ಕುಮಟೆ, ಭಟ್ಕಳ ಎಲ್ಲ ತಿರುಗಿ ಯಜಮಾನರ ಕಿವಿಗೆ ಮುಟ್ಟಿತು. ಚೌತಿ ಕಳೆಯಿತು, ನವರಾತ್ರಿ ಕಳೆಯಿತು. ವೀಳ್ಯ ಬರಲಿಲ್ಲ. ಸಾಹೇಬ ಮತ್ತೊಮ್ಮೆ ಯಜಮಾನರ ಹತ್ತಿರ ಹೋಗಿ ಬಂದು ನಮ್ಮ ಅಂಗಳದಲ್ಲೇ ನಿಂತು ಹೇಳಿದ. "ಅವ್ರೇ ಒಪ್ಪಿದ್ದಾರಲ್ಲ ಅಂತಾರೆ, ಅಕ್ಕೋರೇ. ನನ್ನ ಮಾನ ತೆಗೆದವರಿಗೆ ಎಲೆ ಹ್ಯಾಗೆ ಕೊಡ್ಲಿ ಅಂತಾರೆ. ನನ್ನ ಮಾತು ಸುಳ್ಳಾಯ್ತು." ಅವನಿಗೆ ಕೂರು ಎನ್ನುವುದೂ ನಮಗೆ ಮರೆತುಹೋಯಿತು.

ದೀಪಾವಳಿ ಕಳೆದು ಮೇಳ ಕುಮಟೆಯ ಮೈದಾನಕ್ಕೆ ಬಂತು. ಸಾವ್ಕಾರ್ರು ಮುಂದಿನ ಸಾಲಿನ ಟಿಕೆಟು ಹಿಡಿದುಕೊಂಡು ಬಾಡಿಗೆ ಕಾರಿನಲ್ಲಿ ಬಂದರು. "ನೀವು ಎದುರಿಗೆ ಕೂತ್ರೆ ಸಾಕು, ಆ ಹುಡುಗಂಗೆ ನಡುಕ ಹುಟ್ತದೆ." ಅಪ್ಪ ಬಿಳಿ ಪಂಚೆ ಉಟ್ಟು, ಶಾಲು ಹೊದ್ದು ಹೊರಟ. ಆಯಿ ತಡೆಯಲಿಲ್ಲ. ನಾನು ಬಾಗಿಲಿಗೂ ಬರಲಿಲ್ಲ.

ಬೆಳಿಗ್ಗೆ ಅದೇ ಕಾರಿನಲ್ಲಿ ಬಂದು ಇಳಿದ. ದಾರಿಯುದ್ದಕ್ಕೂ ಸಾವ್ಕಾರ್ರು ಹುಡುಗನ ಒಂದೊಂದು ಪದ್ಯವನ್ನೂ ಜರೆಯುತ್ತ ಬಂದಿರಬೇಕು, ಅಂಗಳದಲ್ಲಿ ನಿಂತೂ ಅದನ್ನೇ ಹೇಳುತ್ತಿದ್ದರು. ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದ. ಕಾರು ಹೋಯಿತು. ಕಾಲು ತೊಳೆಯಲಿಕ್ಕೆ ನೀರು ಕೊಟ್ಟೆ. ಸಿಟ್ಟು ಆರಿರಲಿಲ್ಲ, ಚುಚ್ಚಲಿಕ್ಕೆಂದೇ ಕೇಳಿದೆ. "ಹ್ಯಾಂಗೆ ಹಾಡಿದ ನಿನ್ನ ಜಾಗದಲ್ಲಿ ಕೂತವ?"

ಅಪ್ಪ ರಸ್ತೆಯ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದ. "ಚಲೋ ಹಾಡ್ತಾನೆ, ಮಗಾ," ಎಂದು ಪಿಸುಗುಟ್ಟಿದ. "ನನ್ನಕಿಂತಾ ಚಲೋ ಹಾಡ್ತಾನೆ. ಸಾವ್ಕಾರ್ರ ಹತ್ರ ಹೇಳಬ್ಯಾಡ."