ಒಣಗುವ ತನಕ

ಇಲೊಯಿಲೊ ಪಟ್ಟಣದ ನಮ್ಮ ಆಸ್ಪತ್ರೆಯಲ್ಲಿ ಒಸಿಂಗ್ ಅಕ್ಕ ಇಪ್ಪತ್ತಾರು ವರ್ಷಗಳಿಂದ ಆಪರೇಷನ್ ಕೋಣೆಯ ನರ್ಸ್. ರೋಗಿಯ ಚರ್ಮಕ್ಕೆ ಅಯೋಡಿನ್ ಬಳಿದ ಮೇಲೆ ಅವಳು ಮಾಸ್ಕಿನೊಳಗೇ ಜಪ ಹೇಳಿಕೊಳ್ಳುತ್ತಾಳೆ. ಹತ್ತು ‘ನಮೋ ಮರಿಯ’ ಮುಗಿಯುವಷ್ಟರಲ್ಲಿ ಅದು ಒಣಗಿರುತ್ತದೆ.

ಡಾಕ್ಟರ್ ಗುವಾರಿನ್‌ಗೆ ಅಷ್ಟು ತಾಳ್ಮೆಯಿಲ್ಲ. ಕಂದು ಬಣ್ಣ ಕಂಡರೆ ಸಾಕು, ಒಣಬಟ್ಟೆಯಿಂದ ಒರೆಸಿ ಚಾಕು ಕೇಳುತ್ತಾರೆ. ಒರೆಸಿದರೆ ಔಷಧಿಯೂ ಹೋಯಿತು ಎಂದು ಅವರಿಗೆ ಹೇಳುವವರು ಯಾರು? ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಪಾಸ್ಕ್ವಾಲಾಳ ಮುರಿದ ಕಾಲಿಗೆ ಸ್ಟೀಲ್ ಪ್ಲೇಟು ಕೂರಿಸಿದ ದಿನವೂ ಹಾಗೇ ಆಯಿತು. ಒಸಿಂಗ್ ಇನ್ನೂ ನಾಲ್ಕನೆಯ ಜಪದಲ್ಲಿದ್ದಳು. ಸುಮ್ಮನೆ ಚಾಕು ಕೊಟ್ಟಳು.

ನಾಲ್ಕು ತಿಂಗಳಾದರೂ ಕೀವು ನಿಲ್ಲಲಿಲ್ಲ.

“ಮೀನು ತಿಂದಿರ್ತೀಯ, ಅದಕ್ಕೇ ಕೀವು,” ಎಂದು ಡಾಕ್ಟರು ಗದರಿದರು. “ಪ್ಲೇಟು ತೆಗೆದು ನೋಡ್ತೀನಿ. ಆಗ್ಲೂ ವಾಸಿಯಾಗ್ಲಿಲ್ಲ ಅಂದ್ರೆ ಕಾಲೇ ತೆಗೀಬೇಕು.”

“ಒಣಮೀನು ಮಾರೋಳು ಮೀನು ಬಿಟ್ಟು ದಿನಾ ಕೋಳಿ ತಿಂತಾಳಾ ಡಾಕ್ಟ್ರೇ?” ಎಂದ ಪಾಸ್ಕ್ವಾಲಾ ನಗಲು ನೋಡಿದಳು. ಆಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಒಸಿಂಗ್‌ಗೆ ಮೈಯೆಲ್ಲ ಉರಿಯಿತು. ಎಷ್ಟು ಗಾಯ ನೋಡಿದವಳು ಅವಳು! ಪ್ಲೇಟಿನ ಮೇಲೆ, ಹಳೆಯ ಹಕ್ಕಳೆಯ ಕೆಳಗೆ, ಕ್ರಿಮಿಗಳು ಒಂದಕ್ಕೊಂದು ಅಂಟಿಕೊಂಡು ಲೋಳೆಯ ಪರೆ ಕಟ್ಟುತ್ತವೆ. ಬಿಡಿ ಕ್ರಿಮಿಯನ್ನು ಬೇಗ ಕೊಲ್ಲುವ ಅಯೋಡಿನ್ ಆ ಪರೆಯ ಮೇಲ್ಮೈಯನ್ನಷ್ಟೇ ನೆನೆಸಿ ಸೋಲುತ್ತದೆ. ಮೊದಲು ಉಜ್ಜಿ ಕೀಳಬೇಕು, ಆಮೇಲೆ ಬಳಿಯಬೇಕು, ಕಾಯಬೇಕು. ಇದರಲ್ಲಿ ಮೀನಿನ ತಪ್ಪೇನು?

ಎರಡನೇ ಆಪರೇಷನ್ನಿನ ದಿನ ಅವಳು ಹಕ್ಕಳೆಯನ್ನು ಸೋಪುನೀರಿನಲ್ಲಿ ಉಜ್ಜಿ ತೆಗೆದು, ಅಯೋಡಿನ್ ಬಳಿದು ನಿಂತಳು.

“ಚಾಕು,” ಎಂದರು ಡಾಕ್ಟರು, ಒರೆಸುವ ಬಟ್ಟೆ ಎತ್ತಿಕೊಂಡು.

“ಬಟ್ಟೆ ಕೆಳಗಿಡಿ. ಇನ್ನೂ ಹಸಿ ಇದೆ.”

“ಏನಕ್ಕಾ, ಇದೇನು ಆಪರೇಷನ್ ಥಿಯೇಟರೋ, ಇಗರ್ಜಿಯೋ?”

“ಇಗರ್ಜಿ ಆಗಿದ್ರೆ ನಿಮ್ಮನ್ನ ಮಂಡಿಯೂರಿಸ್ತಿದ್ದೆ. ಕಾಯಿರಿ.”

ಚಾಕುವಿನ ಟ್ರೇಯನ್ನು ತನ್ನತ್ತ ಎಳೆದುಕೊಂಡಳು. ಡಾಕ್ಟರ ಕಿವಿ ಕೆಂಪಾಯಿತು. ಆದರೂ ಕಾದರು.

ಹೊರಬಂದ ಪ್ಲೇಟು ಕೈಗೆ ಅಂಟುತ್ತಿತ್ತು. ಮೂಳೆಯನ್ನು ಕೆರೆದು, ಮತ್ತೆ ಮತ್ತೆ ತೊಳೆದರು. ಆರು ವಾರಕ್ಕೆ ಗಾಯ ಮುಚ್ಚಿತು, ಕಾಲು ಉಳಿಯಿತು.

ಅಷ್ಟರಲ್ಲಿ ಡಾಕ್ಟರು ಒಸಿಂಗ್ ಮೇಲೆ ದೂರು ಕೊಟ್ಟಿದ್ದರು. ಕ್ಷಮೆ ಕೇಳು ಎಂದಳು ಮೇಟ್ರನ್.

“ಕೇಳ್ತೀನಿ. ಆದ್ರೆ ಅವರನ್ನಲ್ಲ,” ಎಂದು ಒಸಿಂಗ್ ನೇರ ಮಾರುಕಟ್ಟೆಗೆ ನಡೆದಳು. ಮೊದಲ ಆಪರೇಷನ್ನಿನಲ್ಲಿ ನಡೆದದ್ದನ್ನು ಪಾಸ್ಕ್ವಾಲಾಳ ಎದುರು ಒಂದೂ ಬಿಡದೆ ಹೇಳಿದಳು.

ಪಾಸ್ಕ್ವಾಲಾ ಕೇಳಿಸಿಕೊಂಡಳು. ಅವಳ ಮುಖ ಬಿಗಿಯಿತು.

“ನಾಲ್ಕು ತಿಂಗಳು, ಅಕ್ಕಾ! ನನ್ನನ್ನ ಬೈಯುವಾಗ ಪಕ್ಕದಲ್ಲೇ ನಿಂತಿದ್ರಲ್ಲ! ಆಗ್ಲಾದ್ರೂ ಹೇಳ್ಬಾರ್ದಿತ್ತಾ?”

ಒಸಿಂಗ್ ತಲೆ ತಗ್ಗಿಸದೆ ಬೈಗುಳ ಮುಗಿಯುವ ತನಕ ಅಲ್ಲೇ ನಿಂತಳು.